ಸರ್ವಾನುಮತದ ದೋಣಿ

"ಈ ಸೂರಿನ ನೀರಿಗೆ ಇವತ್ತು ಸಂಜೆಯೊಳಗೆ ಶಿಸ್ತು ಕಲಿಸದಿದ್ರೆ ನನ್ನನ್ನ ಮುಖಂಡ ಅಂತ ಕರೀಬೇಡಿ!"

ಏಣಿಯ ಮೊದಲ ಮೆಟ್ಟಿಲ ಮೇಲೆ ನಿಂತು ಮುಖಂಡ ಗುಡುಗಿದ. ಹಾಗೆ ಕರೆಯುತ್ತಿದ್ದವರೆಲ್ಲ ಗಿರಣಿ ಮುಚ್ಚಿದ ಮೇಲೆ ದಿಕ್ಕಿಗೊಬ್ಬರಾಗಿದ್ದರು. ಈಗ ಕರೆಯುವವರು ಮನೆಯವರು ಮಾತ್ರ, ಅದೂ ಗ್ಯಾಸ್ ಸಿಲಿಂಡರ್ ಹೊರಿಸಬೇಕಾದಾಗ.

ಹೆಂಡತಿ ಹೊಲಿಗೆ ಯಂತ್ರ ನಿಲ್ಲಿಸದೆಯೇ ಹೇಳಿದಳು: "ನೀರಿಗೆ ಏನ್ ಬೇಕಾದ್ರೂ ಕಲಿಸಿ. ಆಸ್ಪತ್ರೆಯವರ ಬಿಳಿ ಕೋಟಿಗೆ ಒಂದು ಹನಿ ಕೊಳೆ ನೀರು ಬಿದ್ರೂ ನಾಳೆ ಅವರು ಮುಟ್ಟಲ್ಲ. ನನಗೆ ಸಿಕ್ಕಿರೋ ಮೊದಲನೇ ದೊಡ್ಡ ಕೆಲಸ ಕಣ್ರೀ. ಇದು ಕೆಟ್ರೆ ಇನ್ನೊಂದು ಬರಲ್ಲ."

ಮಾತು ಸುಳ್ಳಲ್ಲ. ಕೋಟುಗಳು ಕಿಟಕಿಯ ಕೆಳಗೇ ರಾಶಿ ಬಿದ್ದಿದ್ದವು. ಆ ಗೂಡಿನಂಥ ಕೋಣೆಯಲ್ಲಿ ಬೇರೆ ಜಾಗವಿಲ್ಲ. ಕಿಟಕಿಯ ಬಾಗಿಲೋ, ಹಿಂದಿನ ಮಳೆಗೇ ಊದಿಕೊಂಡು, ಇನ್ನು ಮುಚ್ಚಿಕೊಳ್ಳುವುದಿಲ್ಲವೆಂದು ಮುಷ್ಕರ ಹೂಡಿತ್ತು.

ಅದಕ್ಕೇ ಸೂರಿನಂಚಿಗೆ ತಗಡಿನ ದೋಣಿ. ಚಾವಣಿಯ ನೀರೆಲ್ಲ ಅದರೊಳಗೆ ಬಿದ್ದು, ತುದಿಯ ಪೈಪಿನಲ್ಲಿ ಇಳಿದು ತೆಪ್ಪಗೆ ಹೋಗಬೇಕು. ಆದರೆ ಯಾವ ತುದಿಗೆ? ಚಾವಣಿ ಒಂದೇ, ಸಂಸಾರ ಎರಡು. ಈ ಕಡೆ ಇವನು, ಆ ಕಡೆ ಅಣ್ಣ, ಅತ್ತಿಗೆ. ನಡುಗೋಡೆಗೆ ಅಂಟಿಕೊಂಡೇ ಹೊಲಿಗೆ ಕೋಣೆಯ ಕಿಟಕಿ. ಬೇರೆ ಯಾರಾದರೂ ಅಂಗಳವನ್ನೊಮ್ಮೆ ಕಣ್ಣು ಬಿಟ್ಟು ನೋಡಿ ಒಂದು ಕಡೆಗೆ ಇಳಿಜಾರು ಕೊಡುತ್ತಿದ್ದರು. ಮುಖಂಡ ಸಭೆ ಕರೆದ! ಗಿರಣಿಯ ಅವನ ಕಾರ್ಮಿಕ ಸಂಘದಲ್ಲಿ ಒಬ್ಬನೇ ಒಬ್ಬ ಬೇಡವೆಂದರೂ ಗೊತ್ತುವಳಿ ಬಿದ್ದುಹೋಗುತ್ತಿತ್ತು. ಮನೆಗೂ ಅದೇ ಕಾನೂನು.

"ನೀರನ್ನ ಆ ಕಡೆಗೆ ಬಿಡೋದಕ್ಕೆ ವಿರೋಧ ಇರೋರು ಕೈ ಎತ್ತಿ!"

ಅತ್ತಿಗೆ ಸೌಟು ಹಿಡಿದ ಕೈ ಎತ್ತಿದರು.

"ಈ ಕಡೆಗೆ?"

ಹೆಂಡತಿ ಕತ್ತರಿ ಹಿಡಿದ ಕೈ ಎತ್ತಿದಳು. ಅಣ್ಣ ಎರಡೂ ಸಲ ತನ್ನ ಹೆಂಡತಿಯ ಮುಖ ನೋಡಿ ಕೈಯನ್ನು ಜೇಬಿನಲ್ಲೇ ಬಿಟ್ಟ.

"ಹಾಗಾದ್ರೆ ಯಾವ ಕಡೆಗೂ ವಾಲಿಸಲ್ಲ! ಎರಡೂ ತುದಿಗೆ ಪೈಪು, ನಡುವೆ ಸಂಪೂರ್ಣ ಸಮಾನತೆ!"

ಎಲ್ಲರೂ ಒಪ್ಪಿದರು. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು.

ಮುಖಂಡ ಕೊಕ್ಕೆ ಬಡಿದು ದೋಣಿ ಕೂರಿಸಿ ಅದರ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ನಟ್ಟನಡುವೆ ನಿಂತಿತು. ಬದುಕಿನಲ್ಲಿ ಅವನಿಗೆ ಸಿಕ್ಕ ಮೊಟ್ಟಮೊದಲ ಪಕ್ಕಾ ನ್ಯಾಯ ಅದು! ಕಣ್ಣು ಒದ್ದೆಯಾಯಿತು.

ಮಧ್ಯಾಹ್ನ ಮಳೆ ಬಂತು. ನೀರು ದೋಣಿಗೆ ಬಿತ್ತು. ಬಿದ್ದದ್ದು ಕೂತಿತು. ಆ ಕಡೆಗೂ ಹೋಗಲಿಲ್ಲ, ಈ ಕಡೆಗೂ ಹೋಗಲಿಲ್ಲ, ಕಚೇರಿಯ ಮುಂದೆ ಧರಣಿ ಕೂತ ಹಾಗೆ ಕೂತೇಬಿಟ್ಟಿತು. ಧರಣಿಗೆ ಸೇರುವ ಹನಿಗಳು ಮೇಲಿನಿಂದ ಬರುತ್ತಲೇ ಇದ್ದವು. ಭಾರಕ್ಕೆ ದೋಣಿಯ ಹೊಟ್ಟೆ ಕೆಳಗೆ ಜೋತಿತು, ಸರಿಯಾಗಿ ಕಿಟಕಿಯ ನೆತ್ತಿಯ ಮೇಲೆ.

"ರೀ, ಅದು ಬಸುರಿ ಎಮ್ಮೆ ಥರ ಆಗ್ತಿದೆ!" ಹೆಂಡತಿ ಕಿರುಚಿದಳು.

"ಗಾಬರಿ ಬೀಳಬೇಡ ಕಣೇ, ಪರಿಸ್ಥಿತಿ ನನ್ನ ಹತೋಟಿಯಲ್ಲಿದೆ!"

ಮೂಲೆಯಲ್ಲಿದ್ದ ಬಾವುಟದ ಕೋಲು ತಂದು ದೋಣಿಯ ಹೊಟ್ಟೆಗೆ ಆನಿಸಿ ತಳ್ಳಿದ. ಹೊಟ್ಟೆ ಮೇಲೆದ್ದಿತು. ಎದ್ದದ್ದೇ ಗೋಡೆಯ ಕಡೆಗೆ ಮಗುಚಿ ದಬದಬನೆ ಕಿಟಕಿಗೇ ಸುರಿಯಿತು!

"ಕೋಟು! ಅಯ್ಯೋ, ನನ್ನ ಕೋಟು!"

ಮುಖಂಡ ಕೋಲು ಬಿಸಾಕಿ ಕಿಟಕಿಗೆ ಬೆನ್ನು ಕೊಟ್ಟು ಕೈಗಳೆರಡನ್ನೂ ಅಗಲಿಸಿ ನಿಂತ. ಮುಷ್ಕರದಲ್ಲಿ ಪೊಲೀಸರ ಜಲಫಿರಂಗಿಗೇ ಜಗ್ಗದ ದೇಹ! ಆದರೆ ಪೊಲೀಸರ ನೀರಿನಲ್ಲಿ ಕೊಳೆತ ಎಲೆ, ಪಾರಿವಾಳದ ಹಿಕ್ಕೆ ಇರುತ್ತಿರಲಿಲ್ಲ.

"ಒಂದು ಹನೀನೂ ಒಳಗೆ ಬಿಡಲ್ಲ!" ಎಂದು ಕೂಗಲು ತೆರೆದ ಬಾಯಿಗೆ ಒಂದು ಎಲೆ ಬಿತ್ತು.

ಅಣ್ಣ ಕೊಡೆ ಹಿಡಿದು ಓಡಿಬಂದ. ಕೊಡೆ ತನಗೆ ಹಿಡಿದುಕೊಂಡೇ ನಿಂತ.

ಅಷ್ಟರಲ್ಲಿ ಅತ್ತಿಗೆ ಹಣ್ಣು ಕೀಳುವ ದೋಟಿ ತಂದರು. ಸಭೆ ಇಲ್ಲ, ಚರ್ಚೆ ಇಲ್ಲ. ತಮ್ಮ ಕಡೆಯ ಕೊನೆಯ ಕೊಕ್ಕೆಗೆ ಸಿಕ್ಕಿಸಿ ಜಗ್ಗಿದರು. ದೋಣಿಯ ತುದಿ ಲಟಕ್ಕೆಂದು ಕೆಳಗೆ ಜಾರಿತು. ಕೂತಿದ್ದ ನೀರೆಲ್ಲ ಒಮ್ಮೆಲೇ ಎದ್ದು, ಭರ್ರೆಂದು ಆ ಕಡೆಗೆ ಓಡಿ, ಅತ್ತಿಗೆಯ ಮೂಲೆಯಲ್ಲಿದ್ದ ಚರಂಡಿಗೆ ಧುಮುಕಿ ಮಾಯವಾಯಿತು.

ಕಿಟಕಿಯ ಮೇಲೆ ಬರಿಯ ತೊಟ್ಟಿಕ್ಕುವ ಸದ್ದು.

ಒಳಗೆ ಹೆಂಡತಿ ಕೋಟುಗಳನ್ನು ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡುತ್ತಿದ್ದಳು.

"ಎಲ್ಲ ಒಣಗೇ ಇವೆ," ಎಂದಳು.

ಮುಖಂಡನ ಎದೆಯ ಮೇಲಿನ ಬಂಡೆ ಇಳಿಯಿತು. ಇಳಿದ ಕೂಡಲೇ ಸಿಟ್ಟು ಹತ್ತಿತು. "ಅತ್ತಿಗೆ, ನಿಮ್ಮ ಕಡೆ ಚರಂಡಿ ಇತ್ತಲ್ಲ! ಹಾಗಿದ್ರೆ ವಿರೋಧ ಯಾಕೆ ಮಾಡಿದ್ರಿ?"

"ಮೈದುನ್ರೇ, ನೀರು ಎಲ್ಲಿಗೆ ಬಿಡೋಣ ಅಂತ ನೀವೆಲ್ಲಿ ಕೇಳಿದ್ರಿ? ವಿರೋಧ ಇರೋರು ಕೈ ಎತ್ತಿ ಅಂದ್ರಿ. ಈ ಮನೇಲಿ ವಿರೋಧ ಇಲ್ಲದೋರು ಯಾರು ಹೇಳಿ?"

ಮುಖಂಡ ಕೈ ಇಳಿಸಲೂ ಮರೆತು, ಒಂದು ಕೋಣೆಯನ್ನು ಎದೆಯೊಡ್ಡಿ ಉಳಿಸಿದೆನೆಂಬ ಸಮಾಧಾನದಲ್ಲಿ ಹಾಗೇ ನಿಂತಿದ್ದ. ಹಿಂದಿನಿಂದ ಒಂದು ಬೆರಳು ಬೆನ್ನಿಗೆ ತಿವಿಯಿತು.

"ರೀ, ಸ್ವಲ್ಪ ಆ ಕಡೆ ಸರೀರಿ. ಗುಂಡಿ ಹಾಕ್ಬೇಕು, ಬೆಳಕಿಗೆ ಅಡ್ಡ ನಿಂತಿದ್ದೀರಿ."