ಓಡುತ್ತ ನೋಡಿದ ದಿಲ್ಲಿ

ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ ಸಂಸಾರ ಹೂಡಿದವರಿಗೆ ಓಡುವುದು ಗೊತ್ತು, ಒಂಟಿಕಾಲಲ್ಲಿ ನಿಲ್ಲುವುದೂ ಗೊತ್ತು. ಸುಮ್ಮನೆ ನಡೆಯುವುದೊಂದು ಮಾತ್ರ ಮರೆತುಹೋಗಿರುತ್ತದೆ. ಉಡುಪಿ ಕಡೆಯಿಂದ ಬಂದ ಹೊಸದರಲ್ಲಿ ನಾನೂ ಕೈ ಬೀಸಿಕೊಂಡು ನಡೆಯುತ್ತಿದ್ದವನೇ. ಆದರೆ ಬೆಳಗಿನ ಫಾಸ್ಟ್ ಲೋಕಲ್ಲು ನಮ್ಮ ಸ್ಟೇಷನ್ನಿನಲ್ಲಿ ಒಂದು ಆಕಳಿಕೆಯಷ್ಟು ಹೊತ್ತು ನಿಲ್ಲುತ್ತದೆ. ಅಷ್ಟರಲ್ಲಿ ಊರಿಗೂರೇ ಅದರೊಳಗೆ ತೂರಿಕೊಳ್ಳಬೇಕು. ನಾಲ್ಕು ದಿನ ಕೈ ಬೀಸಿಕೊಂಡು ಹೋಗಿ ನಾಲ್ಕೂ ದಿನ ಪ್ಲಾಟ್‌ಫಾರ್ಮಿನಲ್ಲೇ ಉಳಿದೆ. ಐದನೆಯ ದಿನದಿಂದ ಓಡತೊಡಗಿದವನು ಇನ್ನೂ ನಿಂತಿಲ್ಲ.

ನನ್ನ ಹೆಂಡತಿ ಸುಮತಿ ಈ ವಿದ್ಯೆಯಲ್ಲಿ ನನಗಿಂತ ಒಂದು ಕೈ ಮೇಲು. ಬೆಳಿಗ್ಗೆ ಎಲ್ಲರ ಡಬ್ಬಿ ಕಟ್ಟಿ, ಮಗಳು ವೀಣಾಳ ಜಡೆ ಹೆಣೆದು, ಅವಳನ್ನು ಪಕ್ಕದ ಮನೆಯ ಮರಾಠಿ ಹೆಂಗಸು ಮಾವಶಿಗೆ ಒಪ್ಪಿಸಿ, ಫೋರ್ಟಿನ ಆಫೀಸಿಗೆ ಹೋಗಲು ಅದೇ ಗಾಡಿಯ ಲೇಡೀಸ್ ಡಬ್ಬಿ ಹತ್ತುತ್ತಾಳೆ. ಸಂಜೆ ಬರುವಾಗ ತೊಡೆಯ ಮೇಲೆ ಪೇಪರು ಹರಡಿ ತರಕಾರಿ ಬಿಡಿಸುತ್ತಾಳೆ. ಗಾಡಿ ಠಾಣೆ ದಾಟುವಷ್ಟರಲ್ಲಿ ರಾತ್ರಿಯ ಪಲ್ಯಕ್ಕೆ ಎಲ್ಲ ತಯಾರು. ಮನೆಯಲ್ಲಿ ನಾನು ಒಂದು ಸಲ "ನಡಿ ನಡಿ" ಎಂದರೆ ಸಾಕು, ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಲ್ಲಿರುತ್ತಾಳೆ. "ನಮ್ಮ ಸುಮತಿ ಅಂದರೆ ಮಿಂಚು" ಎಂದು ನಾನು ಆಫೀಸಿನಲ್ಲೆಲ್ಲ ಕೊಚ್ಚಿಕೊಳ್ಳುತ್ತಿದ್ದೆ.

ಆ ವರ್ಷ ಆಫೀಸಿನ ಪ್ರವಾಸದ ರಜೆ ಸಿಕ್ಕಿ ದಿಲ್ಲಿಗೆ ಹೊರಡುವುದೆಂದಾಯಿತು. ಮದುವೆಯಾದ ಮೇಲೆ ಊರಿನ ದಾರಿ ಬಿಟ್ಟು ನಾವು ಬೇರೆ ದಾರಿ ಹಿಡಿದದ್ದು ಅದೇ ಮೊದಲು. ಮಿಂಚು ಒಂದೇ ಒಂದು ಬೇಡಿಕೆ ಇಟ್ಟಿತು.

"ಕೋಟೆ ಗೀಟೆ ನೀವು ಎಷ್ಟು ತೋರಿಸ್ತೀರೋ ಬಿಡ್ತೀರೋ. ಒಂದು ದಿನ, ಒಂದೇ ಒಂದು ದಿನ ಮಾರಾಯ್ರೆ, 'ನಡಿ ನಡಿ' ಅಂತ ಹೇಳದೆ ಇರ್ಬೇಕು."

"ಅದೆಂತ ಮಹಾ?" ಎಂದೆ.

ಅದೆಷ್ಟು ಮಹಾ ಎಂಬುದು ಮಥುರೆಯಲ್ಲೇ ಗೊತ್ತಾಯಿತು. ಡೊಂಬಿವಲಿಯಲ್ಲಿ ಇಳಿಯುವವನು ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲಿಗೆ ಬಂದಿರಬೇಕು. ಬಾರದವನನ್ನು ಗಾಡಿ ಮುಂದಿನ ಸ್ಟೇಷನ್ನಾದ ಕಲ್ಯಾಣಕ್ಕೆ ಒಯ್ದು ಬಿಡುತ್ತದೆ. ಇದು ನಮ್ಮ ರಕ್ತದಲ್ಲಿ ಇಳಿದುಹೋದ ಶಾಸ್ತ್ರ. ಮಥುರೆ ಬಿಟ್ಟ ಕೂಡಲೇ ಎದುರು ಸೀಟಿನ ಸರ್ದಾರ್ಜಿ, "ಅಬ್ ಸೀಧಾ ದಿಲ್ಲಿ" ಎಂದರು. ಮುಂದಿನ ಸ್ಟೇಷನ್ನೇ ದಿಲ್ಲಿ! ನಾನು "ನಡಿ ನಡಿ" ಎಂದು ಟ್ರಂಕು, ಹೋಲ್ಡಾಲು, ನೀರಿನ ಕೂಜ, ಮಗಳು, ಎಲ್ಲವನ್ನೂ ಬಾಗಿಲಿಗೆ ಸಾಗಿಸಿದೆ. ಸರ್ದಾರ್ಜಿ ಗಾಬರಿಯಾಗಿ ಹಿಂದೆಯೇ ಬಂದರು. "ಭಾಯಿಸಾಬ್, ದಿಲ್ಲಿ ಇನ್ನೂ ಎರಡು ತಾಸಿನ ಮೇಲಿದೆ, ಬನ್ನಿ, ಕೂತುಕೊಳ್ಳಿ" ಎಂದು ಹಿಂದಿಯಲ್ಲಿ ಅಂಗಲಾಚಿದರು. ನಾನು ಒಳಗೊಳಗೇ ನಕ್ಕೆ. ಹೀಗೆ ಒಳ್ಳೆಯವರ ಮಾತು ನಂಬಿ ಕಲ್ಯಾಣಕ್ಕೆ ಹೋದ ಎಷ್ಟು ಜನರನ್ನು ನಾನು ಕಂಡಿಲ್ಲ! ಜನವರಿಯ ಚಳಿಗಾಳಿಗೆ ಮುಖ ಒಡ್ಡಿ ದಿಲ್ಲಿಯವರೆಗೂ ನಿಂತೇ ಹೋದೆವು. ವೀಣಾ ಟ್ರಂಕಿನ ಮೇಲೆ ನಿದ್ದೆ ಹೋದಳು. ಸುಮತಿಯ ಮೂಗು ಕೆಂಪಾಗಿತ್ತು. ದಿಲ್ಲಿಯಲ್ಲಿ ನಾವು ಹಾರಿ ಇಳಿದು ಏದುಸಿರು ಬಿಡುತ್ತಿದ್ದಾಗ, ಗಾಡಿ ಇನ್ನು ಎಲ್ಲಿಗೂ ಹೋಗುವ ಯೋಚನೆಯೇ ಇಲ್ಲದೆ ನಿಂತಿತ್ತು. ಸರ್ದಾರ್ಜಿ ಪೇಟ ಸರಿಮಾಡಿಕೊಂಡು ಸಾವಕಾಶವಾಗಿ ಇಳಿದು ನಮಗೆ ನಮಸ್ಕಾರ ಮಾಡಿದರು.

ಏನೇ ಹೇಳಿ, ದಿಲ್ಲಿ ಅಂದರೆ ದಿಲ್ಲಿಯೇ. ಎಂಥ ರಸ್ತೆಗಳು, ಇಬ್ಬದಿಯಲ್ಲಿ ಎಂಥ ಮರಗಳು! ನಮ್ಮಲ್ಲಾದರೆ ನಾಲ್ಕು ಬಿಲ್ಡಿಂಗು ಏಳಿಸುವ ಜಾಗದಲ್ಲಿ ಅವರು ಬರೀ ಹುಲ್ಲು ಬೆಳೆಸಿ ನೀರು ಹಾಕುತ್ತಾರೆ. ನಮ್ಮ ನಲ್ಲಿಯಲ್ಲಿ ಬಾರದ ನೀರೆಲ್ಲ ಇಲ್ಲಿ ಕಾರಂಜಿಯಾಗಿ ಕುಣಿಯುವುದನ್ನು ಕಂಡು ನನಗೆ ಹೊಟ್ಟೆಕಿಚ್ಚಾಗಲಿಲ್ಲ, ನಿಜವಾಗಿಯೂ ಸಂತೋಷವೇ ಆಯಿತು. ಆದರೆ ಕಾಲು ಕೇಳಬೇಕಲ್ಲ. ಕೆಂಪು ಕೋಟೆಯನ್ನು ಶತ್ರುಗಳು ಅಟ್ಟಿಸಿಕೊಂಡು ಬರುತ್ತಿದ್ದಾರೇನೋ ಎಂಬ ಹಾಗೆ ನೋಡಿ ಮುಗಿಸಿದೆವು. ಜಂತರ್ ಮಂತರಿನಲ್ಲಿ ವೀಣಾ ನೆಲದ ಮೇಲೆ ಕೂತು, "ಪಪ್ಪಾ, ಥಾಂಬಾ ನಾ!" ಎಂದು, ನಿಲ್ಲಿ ಎಂದು, ಮಾವಶಿಯ ಮರಾಠಿಯಲ್ಲಿ ಅತ್ತಳು. ನಿಲ್ಲಲು ನನಗೂ ಇಷ್ಟವೇ. ಮುಂದಿನ ಬಸ್ಸು ತಪ್ಪಿದರೆ?

ಮೂರನೆಯ ದಿನ ಕುತುಬ್ ಮಿನಾರಿಗೆ ಹೊರಟವರು ಇಂಡಿಯಾ ಗೇಟಿನ ಹುಲ್ಲುಹಾಸು ದಾಟುತ್ತಿದ್ದೆವು. ಮಧ್ಯಾಹ್ನದ ಹೂಬಿಸಿಲು. ಆಫೀಸಿನ ಹೆಂಗಸರು ಊಟದ ಬಿಡುವಿನಲ್ಲಿ ಗುಂಪಾಗಿ ಕೂತು ಸ್ವೆಟರ್ ಹೆಣೆಯುತ್ತಿದ್ದರು, ಹಸಿ ಬಟಾಣಿ ಬಿಡಿಸುತ್ತಿದ್ದರು. ಸುಮತಿಯ ಕಾಲು ತಾನಾಗಿ ನಿಂತಿತು. ಹಿರಿಯಳೊಬ್ಬಳು ಶಾಲು ಸರಿಸಿ, "ಆವೋ ಬೆಹೆನ್‌ಜಿ, ಬೈಠೋ" ಎಂದಳು. ಸುಮತಿ ಕೂತೇಬಿಟ್ಟಳು. ಒಂದು ಹಿಡಿ ಬಟಾಣಿ ಎಳೆದುಕೊಂಡು ಬಿಡಿಸತೊಡಗಿದಳು ನೋಡಿ! ದಿಲ್ಲಿಯ ಸೂಜಿಗಳೆಲ್ಲ ನಿಂತುಹೋದವು. ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದರು, ನನಗೋ ಹೆಮ್ಮೆಯಿಂದ ಎದೆ ಉಬ್ಬಿತು. ಆಗ ಆ ಹಿರಿಯಳು ಸುಮತಿಯ ಕೈ ಹಿಡಿದು, "ಇಷ್ಟು ಅವಸರ ಯಾಕೆ ಬೇಟಿ? ಬಟಾಣಿ ಎಲ್ಲಿಗೆ ಓಡಿಹೋಗುತ್ತೆ?" ಎಂದು ಕೇಳಿದಳು. ಸುಮತಿ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಒಂದು ಕಾಯಿ ಎತ್ತಿಕೊಂಡು, ನಿಧಾನವಾಗಿ ಸುಲಿದು, ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡಳು. ಅವಳು ಅಷ್ಟು ಚಂದ ಎಂದು ನನಗೆ ಆವರೆಗೆ ಸರಿಯಾಗಿ ಗೊತ್ತಿರಲಿಲ್ಲ.

"ಸುಮತಿ, ಕುತುಬಿನ ಬಸ್ಸು…" ಎಂದೆ.

"ನೀವು ಹೋಗಿ ಬನ್ನಿ. ನಾವು ಇಲ್ಲೇ ಕೂತಿರ್ತೇವೆ."

"ಮೀ ಪಣ್!" ಎಂದಳು ವೀಣಾ, ತಾನೂ ಏಳುವುದಿಲ್ಲವೆಂದು.

ಮುಖ ಊದಿಸಿಕೊಂಡು ಒಬ್ಬನೇ ಹೋದೆ. ಕುತುಬ್ ಮಿನಾರು ನಿಜಕ್ಕೂ ಭವ್ಯ. ಆದರೆ "ನಡಿ ನಡಿ" ಎನ್ನಲು ಜೊತೆಗೆ ಒಬ್ಬರೂ ಇಲ್ಲದೆ ಅದನ್ನು ಹೇಗೆ ನೋಡುವುದೆಂದೇ ತಿಳಿಯಲಿಲ್ಲ. ಪಕ್ಕದ ಹುಲ್ಲಿನ ಮೇಲೆ ಯಾವುದೋ ಊರಿನ ದಂಪತಿ ಡಬ್ಬಿ ಬಿಚ್ಚಿ ಕೂತಿದ್ದರು. ನನ್ನ ಬಾಯಿಂದ ತಾನಾಗಿ "ಚಲೋ ಚಲೋ, ಜಲ್ದಿ" ಎಂದು ಬಂತು. ಆ ಹೆಂಗಸು ಅರ್ಧ ಪೂರಿ ಕೈಯಲ್ಲಿರುವಂತೆಯೇ ದಡಬಡಿಸಿ ಎದ್ದಳು. ಆ ಮುಖ ನನಗೆ ಚೆನ್ನಾಗಿ ಗೊತ್ತಿದ್ದ ಮುಖ. ಮನೆಯಲ್ಲಿ ಅದನ್ನೇ ನಾನು ಮಿಂಚು ಎನ್ನುತ್ತಿದ್ದೆ.

"ನೀವು ಗೈಡಾ?" ಎಂದು ಅವಳ ಗಂಡ ಕೇಳಿದ.

"ಅಲ್ಲ, ಡೊಂಬಿವಲಿಯವನು" ಎಂದೆ. ಅವನಿಗೇನು ಅರ್ಥವಾಯಿತೋ, ಪಾಪ ಎಂಬಂತೆ ನೋಡಿ ನನಗೂ ಒಂದು ಪೂರಿ ಕೊಟ್ಟ. ಕೂತು ತಿಂದೆ. ಇಳಿಬಿಸಿಲು ಬೆನ್ನಿಗೆ ಹಿತವಾಗಿತ್ತು. ಬಸ್ಸೊಂದು ಹೋಯಿತು, ಇನ್ನೊಂದೂ ಹೋಯಿತು.

ಸಂಜೆ ಮರಳಿದಾಗ ಸುಮತಿ, "ಕುತುಬ್ ಹೇಗಿತ್ತು?" ಎಂದಳು.

"ಹುಲ್ಲು ಚೆನ್ನಾಗಿದೆ" ಎಂದೆ.

ಅವಳು, "ನಾಳೆ ಎಷ್ಟು ಗಂಟೆಗೆ ಹೊರಡೋದು?" ಎಂದು ಕೇಳಿದಳು.

"ಎಚ್ಚರ ಆದಾಗ."

ಸುಮತಿ ಗಾಬರಿಯಿಂದ ನನ್ನ ಹಣೆ ಮುಟ್ಟಿ ನೋಡಿದಳು.