ಹೂತ ಬಸ್ಸು, ಜಗ್ಗಿದ ಮಂದಿ

ಮಳಿ ಬಂತಂದ್ರ ಬಸ್ಸು ಹೂಳಬೇಕು, ಬಸ್ಸು ಹೂತ್ರ ಏನರ ಒಂದು ನಗಿಪಾಟ್ಲು ಆಗಬೇಕು. ಬಳ್ಳಾರಿ, ಕುರುಗೋಡು, ಸಿರುಗುಪ್ಪ ದಾರ್ಯಾಗ ಅದು ತಪ್ಪಿದ ಮಳಿಗಾಲ ನನಗಂತೂ ನೆಪ್ಪಿಲ್ಲ.

ಎರಡನೇ ಮಹಾಯುದ್ಧದ ಕಾಲದಾಗ ಆ ದಾರಿಗೆ ನಾ ಡ್ರೈವರ್ ಆಗಿದ್ದೆ. ಪೆಟ್ರೋಲು ಸಿಗ್ತಿದ್ದಿಲ್ಲ. ಬಸ್ಸಿನ ಬೆನ್ನಿಗೆ ದೊಡ್ಡದೊಂದು ಒಲಿ ಕಟ್ಟಿ, ಇದ್ದಲಿ ಸುಟ್ಟು, ಅದರ ಗ್ಯಾಸಿನ ಮ್ಯಾಲ ಓಡಿಸ್ತಿದ್ವಿ. ಏರು ಬಂದ್ರ ಕೆಮ್ಮತಿತ್ತು, ಎರಿ ಮಣ್ಣಿನ ರಾಡಿ ಬಂದ್ರ ಕುಂತೇ ಬಿಡ್ತಿತ್ತು. ಊಟಕ್ಕ ಕರಿಯೋ ಬೀಗರು ಕೈ ಹಿಡಿದಂಗ ಆ ಕರಿ ಮಣ್ಣು ಗಾಲಿ ಹಿಡಿದ್ರ ಬಿಡೋ ಮಾತೇ ಇಲ್ಲ. ಉಣ್ಣೂದು ಬಿಟ್ಟು, ಹೊಲ ಬಿಟ್ಟು ಬಂದು ಜಗ್ಗಿದ ಮಂದಿ ಎಷ್ಟೋ. ಎಲ್ಲಾರ ಹೆಸರೂ ನನಗ ಗೊತ್ತಿಲ್ಲ. ಅವರ ಹೊಟ್ಟಿ ತಣ್ಣಗಿರ್ಲಿ.

ಬಸ್ಸಿನ ಸಂಕಟಕ್ಕಿಂತ ದೊಡ್ಡ ಸಂಕಟ ಮನ್ಯಾಗಿತ್ತು. ಅವ್ವ ಅಪ್ಪ ಇಲ್ಲದ ನನ್ನ ಸಾಕಿದಾಕಿ ನಮ್ಮಕ್ಕ. ನನ್ನ ಮದುವಿ ನೋಡಬೇಕಂತ ಕಂಡ ದೇವರಿಗೆಲ್ಲಾ ಹರಕಿ ಹೊತ್ತಿದ್ಲು. ಮೂರು ಮನಿಗೆ ಹೋಗಿ ಬಂದ್ವಿ. ಮೂರೂ ಕಡಿ ಒಂದೇ ಮಾತು: "ಡ್ರೈವರ್ ಮಂದಿ ಊರೂರು ತಿರುಗೋರು. ಇವತ್ತಿಲ್ಲಿ, ನಾಳಿ ಎಲ್ಲೋ. ನಮ್ಮ ಹುಡುಗಿನ್ನ ಕೊಡಂಗಿಲ್ಲ."

ಇಳಿಯದ ಅಜ್ಜಿ

ರಾಡ್ಯಾಗಿಂದ ಎದ್ದ ಬಸ್ಸನ್ನ ನಡುವ ನಿಲ್ಲಿಸಾಕ ಬರಂಗಿಲ್ಲ, ನಿಲ್ಲಿಸಿದ್ರ ಮತ್ತ ಹೂಳತೈತಿ. ಗಟ್ಟಿ ನೆಲ ಸಿಗೋತನಕ ಹೊಡಕೊಂಡೇ ಹೋಗಬೇಕು. ದಬ್ಬಿದವರು ಅಲ್ಲಿತನಕ ಓಡಿಬಂದು ಹತ್ತಬೇಕು.

ಒಮ್ಮಿ ಕುರುಗೋಡು ದಾಟಿದ ಮ್ಯಾಲ ಗಾಲಿ ಹೂತ್ವು. ಎಲ್ಲಾರೂ ಇಳಿದ್ರು. ಒಬ್ಬಾಕಿ ಅಜ್ಜಿ ಮಾತ್ರ ಗಂಟು ತೊಡಿ ಮ್ಯಾಲ ಇಟಗೊಂಡು ಕುಂತೇ ಇದ್ಲು.

"ಯಮ್ಮಾ, ಸ್ವಲ್ಪ ಇಳಿಬೇ. ಬಸ್ಸು ಹಗುರಾಗ್ಲಿ," ಅಂದೆ.

"ಹೋದ ವಾರ ಇಳಿದಿದ್ದೆ. ಬಸ್ಸು ಹಗುರಾಗಿ ಓಡಿ ಹೋತು, ನಾ ಹಿಂದಿಂದ ನಡಕೊಂತ ಬಂದೆ. ದಬ್ಬಿದವರಿಗೆ ನಡಿಗಿ, ಕುಂತವರಿಗೆ ಸವಾರಿ! ನಾ ಏಳಂಗಿಲ್ಲ. ನಿನಗ ಯಾರೂ ಹೆಣ್ಣು ಕೊಡವಲ್ರು ಅಂತಾರಲ್ಲ, ಸುಮ್ನೆ ಅಲ್ಲ ಬಿಡು!"

ಮಂದಿ ಬಿದ್ದು ಬಿದ್ದು ನಕ್ಕು, ಆಕಿನ್ನ ಒಳಗ ಇಟಗೊಂಡೇ ದಬ್ಬಿದ್ರು.

ಮುಂದಿನ ವಾರ ಅಜ್ಜಿ ಮತ್ತ ಬಂದಿದ್ಲು, ಬಸ್ಸೂ ಮತ್ತ ಹೂತಿತು. ಅಷ್ಟರಾಗ ಆಕಿ ಮಾತು ಇಡೀ ಬಸ್ಸಿಗೆ ಖರೇ ಅನ್ನಿಸಿಬಿಟ್ಟಿತ್ತು. ಒಬ್ಬರೂ ಅಲ್ಲಾಡಲಿಲ್ಲ. ಕಡೀಕ ನಾನೂ ಕಂಡಕ್ಟರೂ ಇಬ್ಬರೇ ಇಳಿದು ಹಿಂದ ನಿಂತು ದಬ್ಬಾಕ ಹತ್ತಿದ್ವಿ. ಬಗ್ಗಿ ಒಳಗ ನೋಡ್ತೀನಿ, ಅಜ್ಜಿ ನನ್ನ ಸೀಟಿನ್ಯಾಗ ಬಂದು ಕುಂತಾಳ!

"ಜ್ವಾಕಿ ಓಡಿ ಬರ್ರೆಪ್ಪಾ," ಅಂದ್ಲು, "ಗಟ್ಟಿ ನೆಲ ಸಿಗೋತನಕ ನಾ ನಿಲ್ಲಿಸಂಗಿಲ್ಲ."

ಆದೋನಿ ಎತ್ತು

ಸಿರಿಗೇರಿ ಈಚಿಗೆ ರಸ್ತೆ ಮಗ್ಗಲಾಗ ಒಬ್ಬ ರೈತನ ಹೊಲ, ಹೊಲದಾಗೇ ಮನಿ. ನನ್ನ ಬಸ್ಸು ಹೆಚ್ಚಾಗಿ ಕೂಡ್ತಿದ್ದದ್ದು ಅಲ್ಲೇ. ಆ ಯಜಮಾನ ಒಂದು ದಿನಾನೂ ಮುಖ ಸಿಂಡರಿಸಿದಾತ ಅಲ್ಲ. ಇಂಜಿನ್ ಸದ್ದು ನಿಂತದ್ದು ಕೇಳಿದ್ರ ಸಾಕು, ಎತ್ತು ಹಗ್ಗ ತಗಂಡು ಬರ್ತಿದ್ದ. ಅವನ ಮಗಳು ಗಾಲಿಗೆ ಹಿಡಿತ ಸಿಗಲಿ ಅಂತ ರಾಡ್ಯಾಗ ಹಾಸಾಕ ಜ್ವಾಳದ ದಂಟಿನ ಹೊರಿ ಹೊತಗೊಂಡು ಬಂದು ನನಗೇ ಬುದ್ಧಿ ಹೇಳ್ತಿದ್ಲು: "ಗಾಲಿ ಹಿಂದ ಯಾಕ ಹಾಕ್ತೀರಿ? ಮುಂದ ಹಾಕ್ರಿ!" ನಾ ಮುಂದ ಹಾಕ್ತಿದ್ದೆ. ಆಕಿ ಹೋಗೋದನ್ನ ನೋಡಿಕೋಂತ ನಿಲ್ತಿದ್ದೆ. ಕಂಡಕ್ಟರ್ ಕೆಮ್ಮತಿದ್ದ.

ಒಂದು ಸಲ ಯಜಮಾನ ಆದೋನಿ ಸಂತ್ಯಾಗ ಹೊಸ ಜೋಡಿ ಎತ್ತು ತಂದಿದ್ದ. ಆನಿಯಂಥ ಎತ್ತು. ಹಗ್ಗ ಕಟ್ಟಿದ್ವಿ. "ಹೋ, ನಡೀರಲೇ! ಜಗ್ಗರಲೇ!" ಅಂತ ಯಜಮಾನ ಕೂಗಿದ, ನಾವೂ ಕೂಗಿದ್ವಿ. ಎತ್ತು ಬಾಯಿ ಆಡಿಸ್ಕೋಂತ ನಮ್ಮ ಮಾರಿ ನೋಡಿದ್ವು. ಹೆಜ್ಜಿ ಕದಲಲಿಲ್ಲ.

ಬಸ್ಸಿನ್ಯಾಗಿದ್ದ ಬಳಿಗಾರ ಒಬ್ಬ ಕೇಳಿದ, "ಯಜಮಾನ್ರ, ಇವು ತೆಲುಗು ಮನ್ಯಾಗ ಬೆಳದಾವೇನು?"

"ಹೌದಪ್ಪ."

"ಮತ್ತ ಕನ್ನಡದಾಗ ಒದರಿದ್ರ ಹೆಂಗ?" ಅಂದು ಮುಂದ ಬಂದು "ಲಾಗರಾ, ಲಾಗು!" ಅಂತ ತೆಲುಗಿನ್ಯಾಗ ಒದರಿದ. ಎತ್ತು ಕುತಗಿ ಬಗ್ಗಿಸಿ ಜಗ್ಗಿದ ಜಗ್ಗಿಗೆ ಬಸ್ಸು ಕಿತಗೊಂಡು ಹೊರಗ ಬಂತು.

ನಾವೆಲ್ಲಾ ಖುಷಿಲೇ ಕುಣಿದ್ವಿ. ಯಜಮಾನ ಒಬ್ಬಾತ ಮಾರಿ ಸಣ್ಣ ಮಾಡಿಕೊಂಡು ನಿಂತಿದ್ದ.

"ಯಾಕ್ರಿ?" ಅಂದೆ.

"ಎಂಟು ದಿನದಿಂದ ಇವಕ್ಕ ಬಾಯಿಗೆ ಬಂದಂಗ ಬೈದೀನಪ್ಪ," ಅಂದ. "ಒಂದೂ ತಿಳಿದಿಲ್ಲ ಅಂದಂಗಾತು!"

ಹೆಣ್ಣು ನೋಡಾಕ ಹೋದದ್ದು

ಕಂಡಕ್ಟರ್ ನಮ್ಮಕ್ಕಗ ಸುದ್ದಿ ಮುಟ್ಟಿಸಿದ್ದ. "ದಂಟಿನ ಹುಡುಗಿನ್ನ ನೋಡೋಣಂತ," ಅಂದ್ಲು ಅಕ್ಕ. ಯಜಮಾನಗೂ ಹೇಳಿ ಕಳಿಸಿದ್ಲು. ನಾ ರಜಾ ಕೇಳಿದ್ರ ಮಾಲೀಕರು ಕೊಡಲಿಲ್ಲ. ಅದಕ್ಕ ಬಸ್ಸಿನ್ಯಾಗೇ ಅಕ್ಕನ್ನ ಕುಂದರಿಸಿಕೊಂಡು, ಬಿಳಿ ಧೋತ್ರ ಉಟಗೊಂಡು ಹೊಂಟೆ. ದಾರ್ಯಾಗ ಇಳಿದು, ಕಾಲು ತಾಸಿನ್ಯಾಗ ನೋಡಿ ಬರೋಣ ಅಂತ ಲೆಕ್ಕ.

ಬಸ್ಸು ಅವರ ಹೊಲದ ಮುಂದೇ ಹೂತಿತು. ಧೋತ್ರ ಮೊಣಕಾಲತನಕ ಕರ್ರಗಾತು. ಮಳಿ ಬ್ಯಾರೆ ಹಿಡಕೊಂತು. ಬಸ್ಸಿನ ಮಂದಿಗೆ ಹೋಗಾಕ ಬ್ಯಾರೆ ಜಾಗ ಎಲ್ಲಿ ಐತಿ? ಮೂವತ್ತು ಮಂದೀನೂ ನನ್ನ ಹಿಂದ ಬಂದ್ರು. ಹೆಣ್ಣಿನ ಮನಿಯವರು ಬಾಗಿಲಕ್ಕ ಬಂದು ನೋಡಿದ್ರ, ಗಂಡಿನ ಕಡೆಯವರು ಅಂಗಳ ತುಂಬ್ಯಾರ! ಪಾಪ, ಬೇಜಾರ ಮಾಡಿಕೊಳ್ಳದೇ ಮಂಡಕ್ಕಿ ಒಗ್ಗರಣಿ ಮತ್ತ ಮತ್ತ ಮಾಡಿ ಕೊಟ್ರು. ಆ ಮನಿ ಉಪಕಾರ ನಾ ಮರಿಯಂಗಿಲ್ಲ.

ತಿಂದಾದ ಮ್ಯಾಲ ಯಜಮಾನ ಬಾಯಿ ಬಿಟ್ಟ. "ಹುಡುಗ ಒಳ್ಳೇವನೇ. ಆದ್ರ ಅಕ್ಕಾರ, ಡ್ರೈವರ್ ಕೆಲಸ ನೋಡ್ರಿ. ಊರೂರು ತಿರಗೂದು. ಎಲ್ಲಿ ಉಣ್ತಾನ, ಎಲ್ಲಿ ಇರ್ತಾನ, ಯಾರು ನೋಡಿದವರು?"

ಅಕ್ಕ ಸೆರಗಿನ ತುದಿ ಕಣ್ಣಿಗೆ ಹಿಡಕೊಂಡ್ಲು. ನಾಲ್ಕನೇ ಮನೀನೂ ಮುಗೀತು ಅಂದುಕೊಂಡೆ. ಆ ಹುಡುಗಿನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ಅಂತ ಮನಸು ಹಟ ಹಿಡಿದಿತ್ತು.

ಬಾಗಿಲ ಹಿಂದ ನಿಂತಿದ್ದ ಹುಡುಗಿ, ಹೊರಗ ಬರದೇ ಹೇಳಿದ್ಲು:

"ಎಲ್ಲಿ ತಿರಗತಾರಪ್ಪಾ? ಮೂರು ಮಳಿಗಾಲದಿಂದ ನೋಡಾಕತ್ತೀನಿ. ಇವರ ಬಸ್ಸು ನಮ್ಮ ಹೊಲ ದಾಟಿದ್ದೇ ಇಲ್ಲ!"

ಯಜಮಾನಗ ನಗಿ ತಡಕೊಳ್ಳಾಕ ಆಗಲಿಲ್ಲ. "ಬೆಲ್ಲ ತರ್ರಿ," ಅಂದ.