ಚಾಚಾನ ಎದೆ ಮತ್ತು ನಮ್ಮ ಲೈಬ್ರರಿಯ ಧೂಳು

ಲೈಬ್ರರಿ ಎಂದರೆ ಏನೂ ನಡೆಯದ ಜಾಗ ಎಂದು ಹೊರಗಿನವರು ತಿಳಿದಿದ್ದಾರೆ. ಒಳಗೆ ಕೆಲಸ ಮಾಡಿದವರನ್ನು ಕೇಳಿ ನೋಡಿ. ಏಣಿ ಜಾರುತ್ತದೆ, ಕಪಾಟು ವಾಲುತ್ತದೆ, ಇಲಿ ಕಾಲ ಮೇಲೆ ಹಾದುಹೋಗುತ್ತದೆ. ದಿನ ಬೆಳಗಾದರೆ ಒಂದಲ್ಲ ಒಂದು ಪ್ರಸಂಗ ನಡೆದೇ ನಡೆಯುತ್ತದೆ.

ನಾನು ಹೇಳುತ್ತಿರುವುದು ಯುದ್ಧದ ವರ್ಷಗಳ ಮಾತು. ಹಲಸೂರಿನಿಂದ ನಡೆದುಕೊಂಡು ಬಂದು ಕಂಟೋನ್ಮೆಂಟಿನ ಒಂದು ಸಾರ್ವಜನಿಕ ಲೈಬ್ರರಿಯಲ್ಲಿ ಗುಮಾಸ್ತಿಕೆ ಮಾಡುತ್ತಿದ್ದೆ. ನಾವಿದ್ದದ್ದು ನಾಲ್ಕೇ ಜನ: ಲೈಬ್ರೇರಿಯನ್ನರು, ತಮಿಳು ಮಾತಾಡುವ ಬೈಂಡರು, ನಾನು, ಮತ್ತೆ ಅಟೆಂಡರು. ಅಟೆಂಡರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಬ್ಲ್ಯಾಕ್‌ಪಳ್ಳಿಯವರು, ಈಗ ಶಿವಾಜಿನಗರ ಅನ್ನುತ್ತೀರಲ್ಲ, ಅಲ್ಲಿಯವರು. ಉರ್ದು ಬಿಟ್ಟರೆ ಬೇರೆ ಅಕ್ಷರ ಅವರಿಗೆ ಗೊತ್ತಿರಲಿಲ್ಲ. ಆದರೆ ಇಂಗ್ಲಿಷ್, ತಮಿಳು, ಕನ್ನಡ ಯಾವ ಪುಸ್ತಕ ಕೇಳಿದರೂ ಬೆನ್ನಿನ ಬಣ್ಣ, ದಪ್ಪ, ವಾಸನೆ ನೋಡಿಯೇ ತೆಗೆದುಕೊಡುತ್ತಿದ್ದರು.

ಆ ಪುಸ್ತಕಗಳ ಧೂಳೆಲ್ಲ ಇಪ್ಪತ್ತು ವರ್ಷದಿಂದ ಅವರ ಎದೆಯೊಳಗೆ ಸೇರಿತ್ತು. ಕೆಮ್ಮು ಶುರುವಾದರೆ ನಿಲ್ಲುತ್ತಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ಹೆದರಿಕೆ: ಯಾರಾದರೂ ಡಾಕ್ಟರನ್ನು ಕರೆಸಿ, 'ಮನೆಗೆ ಹೋಗು' ಎಂದುಬಿಟ್ಟರೆ? "ಮನೇಲಿ ಏನ್ ಮಾಡ್ಲಿ ಸಾಬ್? ಅಲ್ಲಿ ಒಂದು ಅಲ್ಮಾರೀನೂ ಇಲ್ಲ" ಎನ್ನುತ್ತಿದ್ದರು. ಅವರ ಕೆಮ್ಮು ಲೈಬ್ರರಿ ನಡೆಸುವ ಕಮಿಟಿಯ ಕಿವಿಗೆ ಬೀಳದಂತೆ ನೋಡಿಕೊಳ್ಳುವುದು ನಮ್ಮ ಮೂವರ ಬರೆಯದ ಡ್ಯೂಟಿ.

ಇಲ್ಲದ ಮೆಟ್ಟಿಲು

ನಮ್ಮ ಏಣಿಗೆ ಮೂರನೆಯ ಮೆಟ್ಟಿಲು ಇರಲಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ ಮುರಿದುಹೋಗಿತ್ತು. ಮೊದಲ ದಿನವೇ ಚಾಚಾ ಹತ್ತುವ ಪಾಠ ಹೇಳಿಕೊಟ್ಟರು: "ಏಕ್, ದೋ, ಆಮೇಲೆ ಅಲ್ಲಾ, ಆಮೇಲೆ ಚಾರ್." ನಾನು ಅಲ್ಲಾನ ಜಾಗದಲ್ಲಿ ರಾಮನನ್ನು ಇಟ್ಟುಕೊಂಡೆ. ಬೈಂಡರು ಮುರುಗನನ್ನು ಇಟ್ಟುಕೊಂಡಿದ್ದರು. ಹೀಗೆ ವರ್ಷಗಟ್ಟಲೆ ಒಬ್ಬರೂ ಬೀಳಲಿಲ್ಲ.

ಕಮಿಟಿಯ ಸೆಕ್ರೆಟರಿ ಒಂದು ದಿನ ಬಂದು ನೋಡಿ ಕೆಂಡಾಮಂಡಲವಾದರು. "ಯಾರಾದ್ರೂ ಕಾಲು ಮುರ್ಕೊಂಡ್ರೆ ಯಾರ್ರೀ ಜವಾಬ್ದಾರಿ?" ಎಂದು ಬಡಗಿಯನ್ನು ಕರೆಸಿ ತೇಗದ ಮೆಟ್ಟಿಲು ಹಾಕಿಸಿದರು. ಮರುದಿನದಿಂದ ನಮ್ಮ ಗ್ರಹಚಾರ ಕೆಟ್ಟಿತು. ಎರಡರಿಂದ ನೇರ ನಾಲ್ಕಕ್ಕೆ ನೆಗೆದು ಅಭ್ಯಾಸವಾದ ಕಾಲು ಹೊಸ ಮೆಟ್ಟಿಲಿಗೆ ಹೋಗಿ ಢಬ್ಬೆಂದು ಬಡಿಯುತ್ತಿತ್ತು. ಒಂದೇ ವಾರದಲ್ಲಿ ಲೈಬ್ರೇರಿಯನ್ನರ ಮೊಣಕಾಲು ಊದಿತು, ಬೈಂಡರ ಮುಂಗಾಲು ತರಚಿತು, ನನ್ನ ಹೆಬ್ಬೆರಳಿನ ಉಗುರು ಹೋಯಿತು. ಚಾಚಾ ಮಾತ್ರ ಕೆಳಗೆ ನಿಂತು, "ದೇವರ ಜಾಗದಲ್ಲಿ ಹಲಗೆ ಇಟ್ರೆ ಇನ್ನೇನಾಗುತ್ತೆ?" ಎಂದರು.

ಲೈಬ್ರೇರಿಯನ್ನರು ಕುಂಟುತ್ತಾ ಹೋಗಿ ಅದೇ ಬಡಗಿಯನ್ನು ಕರೆತಂದರು. "ಈ ಮೆಟ್ಟಿಲು ತೆಗೆದುಬಿಡಪ್ಪ."

"ಯಾಕೆ ಸ್ವಾಮಿ, ಗಟ್ಟಿ ಇಲ್ವಾ?"

"ಗಟ್ಟಿ ಇರೋದೇ ಕಣಯ್ಯ ತೊಂದ್ರೆ."

ಬುರುಡೆಯ ಚಿತ್ರ

ಹುಳ ಹತ್ತಬಾರದೆಂದು ಬೈಂಡರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಓದಲು ಬಂದವರಿಗೆ ಅದೆಲ್ಲ ಎಲ್ಲಿ ಗೊತ್ತು? ಕಾಗದ ಅಂಟಿಸಬೇಕಾದರೆ ಸೀದಾ ಬಂದು ಮಡಕೆಗೆ ಬೆರಳದ್ದುವುದು, ಲಕೋಟೆಗೆ ಬಳಿಯುವುದು, ಮರೆತು ಅದೇ ಬೆರಳನ್ನು ನಾಲಿಗೆಗೆ ಮುಟ್ಟಿಸಿ ಪುಟ ಮಗುಚುವುದು. ಲೈಬ್ರೇರಿಯನ್ನರಿಗೆ ಜೀವವೇ ಬಾಯಿಗೆ ಬರುತ್ತಿತ್ತು. "ಮಡಕೆ ಮೇಲೆ ಒಂದು ತಲೆಬುರುಡೆ ಬರೀರಿ, ಜನ ಹೆದರ್ಲಿ" ಎಂದರು.

ಬೈಂಡರು ಬರೆದರು. ಮೂರು ದಿನವಾದರೂ ಬೆರಳುಗಳು ಬರುವುದು ನಿಲ್ಲಲಿಲ್ಲ. ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ಒಬ್ಬರೂ ಮಡಕೆಯ ಹತ್ತಿರ ಸುಳಿಯಲಿಲ್ಲ. ಲೈಬ್ರೇರಿಯನ್ನರು ಸಂತೋಷದಿಂದ ಮಡಕೆ ತಿರುಗಿಸಿ ನೋಡಿದರೆ ಬುರುಡೆಗೆ ಕನ್ನಡಕ, ಮೀಸೆ, ಪೇಟ ಎಲ್ಲ ಬಂದಿತ್ತು. ಥೇಟ್ ಅವರೇ.

"ಏನ್ರೀ ಇದು?"

"ಬರೀ ಬುರುಡೆಗೆ ಯಾರೂ ಬಯಪಡಲೆ ಸಾರ್" ಎಂದರು ಬೈಂಡರು, ತಗ್ಗಿದ ದನಿಯಲ್ಲಿ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ. "ಇದಕ್ಕೆ ಪಡ್ತಾರೆ."

ಸಿಡುಬಿನ ಮನೆ

ಸಿಡುಬು ಬಂದ ಮನೆಯಲ್ಲಿ ನಮ್ಮ ಪುಸ್ತಕವಿದ್ದರೆ ವಾಸಿಯಾಗುವವರೆಗೆ ಅದು ಅಲ್ಲೇ ಇರಬೇಕು ಎಂಬುದು ನಿಯಮ. ವಾಪಸು ಬಂದಮೇಲೆ ಬೇವಿನ ಸೊಪ್ಪಿನ ಜೊತೆ ಮಾಳಿಗೆಯ ಬಿಸಿಲಿಗೆ ಎಂಟು ದಿನ ಹಾಕುತ್ತಿದ್ದೆವು. ಬಿಸಿಲಿಗೆ ಹಾಕಿ ಮಗುಚುವ ಕೆಲಸ ಚಾಚಾನದು. ತಮ್ಮ ಎದೆ ಸುಯ್ಯೆನ್ನುತ್ತಿದ್ದರೂ ಪುಸ್ತಕಕ್ಕೆ ಗಾಳಿ ಬೀಸುತ್ತಾ ಕೂರುತ್ತಿದ್ದರು.

ಕೃಷ್ಣರಾಜಪುರದಿಂದ ರೈಲಿನಲ್ಲಿ ಬರುವ ರಿಟೈರ್ಡ್ ಮೇಷ್ಟ್ರೊಬ್ಬರು ಈ ನಿಯಮವನ್ನು ಚೆನ್ನಾಗಿ ಅರಗಿಸಿಕೊಂಡಿದ್ದರು. ದಪ್ಪ ಕಾದಂಬರಿ ಒಯ್ದರೆ ಹದಿನೈದನೆಯ ದಿನಕ್ಕೆ ತಪ್ಪದೆ ಒಂದು ಕಾರ್ಡು ಬರುತ್ತಿತ್ತು: "ಮೊಮ್ಮಗಳಿಗೆ ಅಮ್ಮ ಬಂದಿದೆ, ಪುಸ್ತಕ ಮನೆಯಲ್ಲೇ ಇರುತ್ತದೆ." ಒಂದೇ ವರ್ಷದಲ್ಲಿ ಆ ಮಗುವಿಗೆ ನಾಲ್ಕು ಸಲ ಸಿಡುಬು ಬಂತು! ನಾಲ್ಕನೆಯ ಕಾರ್ಡು ಬಂದ ವಾರವೇ ಮೇಷ್ಟ್ರು ಪೇಪರ್ ಓದಲು ಬಂದರು. ಪಕ್ಕದಲ್ಲಿ ಲಂಗ ತೊಟ್ಟ ಹುಡುಗಿ ಪುಟಪುಟನೆ ಓಡಾಡುತ್ತಿದ್ದಳು.

"ಮೇಷ್ಟ್ರೇ, ಯಾರಿದು?" ಎಂದೆ.

"ಮೊಮ್ಮಗಳು."

"ಸಿಡುಬು ಬಂದಿರೋ ಮೊಮ್ಮಗಳಾ?"

ಮೇಷ್ಟ್ರು ಪೇಪರ್ ಮಡಿಸಿ ಹೇಳಿದರು: "ಹೌದಪ್ಪ. ಇವಳಿಗೆ ವಾಸಿಯಾಯ್ತು. ನನಗಿನ್ನೂ ನೂರೈವತ್ತು ಪುಟ ಇದೆ."

ಸೈರನ್ನು

ಜಪಾನಿನವರು ಬಾಂಬು ಹಾಕುತ್ತಾರೆಂಬ ಹೆದರಿಕೆಯಿತ್ತಲ್ಲ, ಅದಕ್ಕೆ ಆಗಾಗ ಹಗಲು ಹೊತ್ತಿನಲ್ಲಿ ಅಭ್ಯಾಸದ ಸೈರನ್ನು ಕೂಗುತ್ತಿತ್ತು. ಕೂಗಿದ ಕೂಡಲೇ ಎಲ್ಲರೂ ಮೇಜಿನ ಕೆಳಗೆ ಸೇರಿ ಸುಮ್ಮನಿರಬೇಕು. ಒಮ್ಮೆ ಅಭ್ಯಾಸ ನೋಡಲೆಂದು ಸೆಕ್ರೆಟರಿಯೇ ಬಂದು ಗಡಿಯಾರ ಹಿಡಿದು ನಿಂತರು. ಸೈರನ್ನು ನಿಂತಿತು. ಸೂಜಿ ಬಿದ್ದರೂ ಕೇಳುವಂಥ ಮೌನ. ಆ ಮೌನದಲ್ಲಿ ಚಾಚಾಗೆ ಕೆಮ್ಮು ಶುರುವಾಯಿತು. ಪಾಪ, ಟವೆಲನ್ನು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ.

"ಯಾರದು ಆ ಕೆಮ್ಮು?" ಎಂದರು ಸೆಕ್ರೆಟರಿ.

ನನಗೆ ಎಲ್ಲಿಲ್ಲದ ಬುದ್ಧಿ ಬಂತು. ಜೋರಾಗಿ ಕೆಮ್ಮಿದೆ. ಬೈಂಡರಿಗೆ ಅರ್ಥವಾಗಿ ಅವರೂ ಕೆಮ್ಮಿದರು. ಜನ್ಮದಲ್ಲಿ ಸುಳ್ಳಾಡದ ಲೈಬ್ರೇರಿಯನ್ನರು ತಮ್ಮ ಮೇಜಿನ ಕೆಳಗಿಂದ ಎರಡು ಸಲ ಕೆಮ್ಮಿದರು. ಗೆದ್ದೆವು ಅಂದುಕೊಂಡೆ.

ಸೆಕ್ರೆಟರಿ ಗಡಿಯಾರ ಜೇಬಿಗಿಳಿಸಿ ಹೇಳಿದರು: "ಒಬ್ಬರಿಗೇ ಆಗಿದ್ರೆ ಬಿಡ್ತಿದ್ದೆ. ಎಲ್ಲರಿಗೂ ಇದೆ ಅಂದ್ಮೇಲೆ ಡಾಕ್ಟರನ್ನ ಕರೆಸಲೇಬೇಕು."

ಡಾಕ್ಟರು

ಡಾಕ್ಟರು ಬರುವ ದಿನ ಚಾಚಾ ಕಲ್ಲುಸಕ್ಕರೆ, ಮೆಣಸು, ಜೇಷ್ಠಮಧು ಎಲ್ಲ ಒಟ್ಟಿಗೆ ದವಡೆಗೆ ಇಟ್ಟುಕೊಂಡು ಬಂದಿದ್ದರು. ಮುಖ ಒಂದು ಕಡೆ ಊದಿಕೊಂಡಿತ್ತು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ನಮ್ಮ ಮೂವರ ಎದೆ ಹಾಲಿನಷ್ಟು ಶುದ್ಧ ಎಂದಾಯಿತು. ಚಾಚಾನ ಎದೆಯ ಮೇಲೆ ಕೊಳವೆ ಬಹಳ ಹೊತ್ತು ನಿಂತಿತು.

"ಕೆಮ್ಮು ಎಷ್ಟು ವರ್ಷದಿಂದ?"

"ಕೆಮ್ಮೇ ಇಲ್ಲ ಸಾಬ್" ಎಂದು ಹೇಳಿ ಮುಗಿಸುವಷ್ಟರಲ್ಲಿ ಮೂರು ಸಲ ಕೆಮ್ಮಿದರು.

"ನೀವು ಇಲ್ಲ ಅಂತೀರಿ, ನಿಮ್ಮ ಎದೆ ಹೌದು ಅನ್ನುತ್ತೆ. ಯಾರನ್ನ ನಂಬ್ಲಿ?"

"ನನ್ನನ್ನ ನಂಬಿ ಸಾಬ್. ಇಪ್ಪತ್ತು ವರ್ಷದಿಂದ ಇಲ್ಲಿ ನೌಕರಿ ಮಾಡ್ತಿರೋದು ನಾನು. ಎದೆ ಅಲ್ಲ."

ಡಾಕ್ಟರು ನಕ್ಕುಬಿಟ್ಟರು. ಒಳ್ಳೆಯ ಮನುಷ್ಯ. ಇದು ಅಂಟುವ ಕಾಯಿಲೆಯಲ್ಲ, ಬರೀ ಧೂಳು, ನೌಕರಿಯಿಂದ ತೆಗೆಯಬೇಕಾಗಿಲ್ಲ ಎಂದು ಬರೆದುಕೊಟ್ಟರು. ಆದರೆ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಈತ ಹೊಸ್ತಿಲು ದಾಟಿ ಪುಸ್ತಕಗಳ ಹತ್ತಿರ ಹೋಗಕೂಡದು, ಬಾಗಿಲ ಹೊರಗೆ ಕೂರತಕ್ಕದ್ದು. ಚಾಚಾಗೆ ಅದನ್ನು ಓದಿ ಹೇಳಿ ನಾವೆಲ್ಲ ಕುಣಿದಾಡಿದೆವು. ಚಾಚಾ ಮಾತ್ರ ಆ ಕಾಗದವನ್ನು ತಲೆಕೆಳಗಾಗಿ ಹಿಡಿದು ನೋಡುತ್ತಾ, "ಊಟದ ಮನೇಲಿ ಕೆಲಸ ಕೊಟ್ಟು ಬಾಯಿ ಹೊಲಿದ್ರಲ್ಲ ಸಾಬ್" ಎಂದರು.

ಹೊಸ್ತಿಲು

ಬಾಗಿಲ ಹೊರಗೆ ಒಂದು ಸ್ಟೂಲು ಹಾಕಿಸಿದೆವು. ಚಾಚಾ ಅದರ ಮೇಲೆ ರಸ್ತೆಗೆ ಬೆನ್ನು ಹಾಕಿ, ಒಳಗೆ ಮುಖ ಮಾಡಿ ಕೂರುತ್ತಿದ್ದರು. ನಾನು ಬಂದ ಕೂಡಲೇ, "ಏಳನೇ ಅಲ್ಮಾರಿ ಹೆಂಗಿದೆ?" ಎಂದು ಊರಿನ ನೆಂಟರನ್ನು ವಿಚಾರಿಸಿದಂತೆ ಕೇಳುತ್ತಿದ್ದರು. ಚೆನ್ನಾಗಿದೆ ಎಂದು ಸುಳ್ಳು ಹೇಳುತ್ತಿದ್ದೆ. ನಿಜವಾಗಿ ನಾನೂ ಬೈಂಡರೂ ಸೇರಿ ಅದನ್ನು ಕಲಸುಮೇಲೋಗರ ಮಾಡಿಟ್ಟಿದ್ದೆವು. ವಾಪಸು ಬಂದ ಪುಸ್ತಕಗಳನ್ನು ಒಳಗೆ ಒಯ್ಯುವ ಮೊದಲು ಅವರ ಮಡಿಲಲ್ಲಿ ಇಡುತ್ತಿದ್ದೆ. ಒಂದೊಂದನ್ನೂ ಸವರಿ, ಮೂಸಿ, ಕೊಡಲು ಮನಸ್ಸಿಲ್ಲದೆ ಕೊಡುತ್ತಿದ್ದರು. ಅವರು ಹೋಗಿ ಎಷ್ಟೋ ವರ್ಷವಾಯಿತು. ಯಾವ ಲೈಬ್ರರಿಗೆ ಹೋದರೂ ಅವರಿಲ್ಲವಲ್ಲ ಅನ್ನಿಸುತ್ತದೆ.

ಆದರೆ ಓದುಗರು ಬಿಡಬೇಕಲ್ಲ? ನಮ್ಮನ್ನು ಕೇಳಿ ಪ್ರಯೋಜನವಿಲ್ಲವೆಂದು ಗೊತ್ತಾಗಿ ಎಲ್ಲರೂ ಚಾಚಾನನ್ನೇ ಕೇಳತೊಡಗಿದರು. ಚಾಚಾ ಸ್ಟೂಲಿನಿಂದಲೇ ಕೂಗುತ್ತಿದ್ದರು: "ಅಲ್ಮಾರಿ ಐದು! ಕೆಳಗಿಂದ ಎರಡು! ಹಸಿರು ದಪ್ಪಂದು ಅಲ್ಲ, ಅದರ ಪಕ್ಕ ಅದರ ತಮ್ಮ ಇದಾನೆ ನೋಡಿ!" ಪುಟ ಮಗುಚುವ ಸದ್ದಾದರೂ ಕಣ್ಣು ಕೆಂಪು ಮಾಡುವ ಲೈಬ್ರೇರಿಯನ್ನರು, 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಕೂತು ಇದನ್ನೆಲ್ಲ ಕೇಳಿಯೂ ಕೇಳದವರಂತೆ ಇರುತ್ತಿದ್ದರು.

ತಿಂಗಳೆರಡು ಕಳೆದ ಮೇಲೆ, ಅಪ್ಪಣೆ ನಡೆಯುತ್ತಿದೆಯೋ ಇಲ್ಲವೋ ನೋಡಲು ಡಾಕ್ಟರು ಬಂದರು. ಚಾಚಾ ಹೊರಗೆ ಕೂತಿದ್ದನ್ನು ನೋಡಿ ಅವರಿಗೆ ಖುಷಿಯಾಯಿತು. ಬಂದದ್ದಕ್ಕೆ ಒಂದು ಬೇಟೆಯ ಪುಸ್ತಕ ಒಯ್ಯೋಣವೆಂದು ಎಲ್ಲಿದೆ ಎಂದು ಕೇಳಿದರು.

"ಒಂಬತ್ತನೇ ಅಲ್ಮಾರಿ, ಮೇಲಿನ ಸಾಲು. ಮೆಲ್ಲಗೆ ಎಳೀರಿ ಸಾಬ್."

ಡಾಕ್ಟರು ಜೋರಾಗಿ ಎಳೆದರು. ಚಾಚಾ ಒಳಗಿಲ್ಲದ ಎರಡು ತಿಂಗಳ ಧೂಳು ಒಟ್ಟಿಗೆ ಅವರ ಮುಖದ ಮೇಲೆ ಬಿತ್ತು. ಕೆಮ್ಮುತ್ತಾ, ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತಾ ಬಾಗಿಲು ಹಿಡಿದು ಹೊರಗೆ ಬಂದರು. ಚಾಚಾ ಥಟ್ಟನೆದ್ದು ತಮ್ಮ ಸ್ಟೂಲಿನ ಮೇಲೆ ಅವರನ್ನು ಕೂರಿಸಿ, ಬೆನ್ನು ಸವರಿ, ಕೂಜದ ನೀರು ಕುಡಿಸಿದರು.

"ಎಷ್ಟು ಧೂಳ್ರೀ ಒಳಗೆ!" ಎಂದರು ಡಾಕ್ಟರು, ಉಸಿರು ಬಂದ ಮೇಲೆ.

"ಹೌದು ಸಾಬ್. ನಿಮ್ಮ ಎದೆಗೆ ಆಗೋದಿಲ್ಲ. ನೀವು ಹೊಸ್ತಿಲು ದಾಟ್ಬೇಡಿ." ಚಾಚಾ ಟವೆಲನ್ನು ಮೂಗಿಗೆ ಬಿಗಿದುಕೊಂಡರು. "ಬಾಗಿಲಲ್ಲಿ ಒಬ್ರು ಇದ್ರೆ ಸಾಕಲ್ಲ? ನೀವು ಕೂತಿರಿ" ಎಂದವರೇ, ಡಾಕ್ಟರು ಬಾಯಿ ತೆರೆಯುವ ಮೊದಲೇ ಒಳಗೆ ನುಗ್ಗಿ ಏಳನೆಯ ಅಲ್ಮಾರಿಯ ಹಿಂದೆ ಮಾಯವಾದರು.

ಡಾಕ್ಟರಿಗೆ ಏಳುವ ಶಕ್ತಿ ಇರಲಿಲ್ಲ. ಅಷ್ಟರಲ್ಲಿ ದಿನಾ ಬರುವ ಓದುಗರೊಬ್ಬರು ಬಂದು, ಸ್ಟೂಲಿನ ಮೇಲೆ ಯಾರೋ ಇದ್ದಾರಲ್ಲ ಎಂದು ಅಭ್ಯಾಸಬಲದಿಂದ ಒಂದು ಪುಸ್ತಕದ ಹೆಸರು ಹೇಳಿ ಎಲ್ಲಿದೆ ಎಂದು ಕೇಳಿದರು. ಡಾಕ್ಟರು ನನ್ನ ಮುಖ ನೋಡಿದರು. ನನಗೂ ಗೊತ್ತಿರಲಿಲ್ಲ. ಬೇರೆ ದಾರಿ ಕಾಣದೆ ಒಳಗೆ ತಿರುಗಿ ಗಟ್ಟಿಯಾಗಿ ಕೂಗಿದರು:

"ಚಾಚಾ, ಯಾವ ಅಲ್ಮಾರಿ?"

ಒಳಗಿನಿಂದ ಮೆಲ್ಲನೆಯ ದನಿ ಬಂತು:

"ಶ್! ಸಾಬ್, ಲೈಬ್ರರೀಲಿ ಗಲಾಟೆ ಮಾಡ್ಬಾರ್ದು."